ಕಾರಣ ಬರೆಯಲು ಬಿಟ್ಟ ಜಾಗ

ಜಿಲ್ಲೆಯಿಂದ ಫಾರಂ ಬಂದಿದೆ. ಏಳನೇ ಕಲಂ:
‘ಪ್ರವಾಸಿಗರು ಈ ಊರನ್ನು ಏಕೆ ನೋಡಬೇಕು?’
ಕೆಳಗೆ ಮೂರು ಗೆರೆ.
ಪಿಡಿಒ ಮೇಡಂ ಚನ್ನಗಿರಿ ಕಡೆಯವರು, ಬಂದು ಎರಡು ತಿಂಗಳು.
‘ಬೂದ್ಯಪ್ಪ, ನೀವೇ ಹೇಳಿ,
ಊರೆಲ್ಲ ತಿರುಗುವವರು ನೀವು’ ಎಂದರು.

ತಿರುಗುತ್ತೇನೆ, ಹೌದು. ವಾಲ್ವು ತಿರುಗಿಸಲು.
ನೀರುಗಂಟಿಗೆ ಊರೆಂದರೆ
ಯಾವ ಕೇರಿಗೆ ಎಷ್ಟು ಹೊತ್ತು, ಯಾರ ಬಾಯಿ ಎಷ್ಟು ಜೋರು.
ಆದರೂ ಕೇಳಿದ್ದೀರಿ, ಬರೆದುಕೊಳ್ಳಿ.

ಹೊಸನಗರ ಬೇರೆ ಇದೆ ಮೇಡಂ,
ತಾಲ್ಲೂಕು, ಕೋರ್ಟು, ಖಜಾನೆ ಎಲ್ಲ ಅಲ್ಲಿ.
ನಾವು ಬರೇ ನಗರ.
‘ಹಳೆ’ ಎಂದು ಮುಂದೆ ಸೇರಿಸಲೂ ಯಾರಿಗೂ ಪುರುಸೊತ್ತಾಗಲಿಲ್ಲ.
ಮೊದಲು ಬಿದಿರಿನ ಹೆಸರಿತ್ತು, ಆಮೇಲೆ ಗೆದ್ದವನ ಹೆಸರು,
ಈಗ ಬಸ್ಸಿನ ಬೋರ್ಡಿಗೆ ಹಿಡಿಸುವಷ್ಟು.

ಕೋಟೆಗೆ ಟಿಕೆಟ್ಟಿಲ್ಲ. ಹಾಕಲು ಕದವಿಲ್ಲ.
ಕದವಿದ್ದ ಕಾಲಕ್ಕೆ ಬಂದವರೂ ಕೇಳಿ ಬರಲಿಲ್ಲವಂತೆ.
ದರ್ಬಾರು ಕೂರುತ್ತಿದ್ದ ಕಟ್ಟೆಯ ಮೇಲೆ
ಇಸಾಕನ ಆಡುಗಳು ಮೆಲುಕು ಹಾಕುತ್ತವೆ,
ಯಾವ ತೀರ್ಪನ್ನೂ ಕೊಡುವುದಿಲ್ಲ.

ಲಕ್ಷ ಮನೆಗೆ ಒಂದೇ ಒಂದು ಕಮ್ಮಿ ಇತ್ತಂತೆ ಆಗ.
ನನ್ನ ಪುಸ್ತಕದಲ್ಲಿ ನಳ ನಾನೂರ ಹನ್ನೊಂದು.
ಆ ಕಮ್ಮಿಬಿದ್ದ ಮನೆ ನಮ್ಮದೇ ಎಂದು ಅವ್ವ ನಗುತ್ತಿದ್ದಳು,
‘ನಾವು ಗಂಟುಮೂಟೆ ಹೊತ್ತು ಬರೂದ್ರೊಳಗೆ
ರಾಜ್ಯವೇ ಮುಗಿದುಹೋಗಿತ್ತು ಮಗಾ.’

ಇಲ್ಲಿಂದ ಮೆಣಸು ಎತ್ತಿನ ಬೆನ್ನ ಮೇಲೆ ಘಟ್ಟ ಇಳಿಯಿತು,
ಹಡಗು ಹತ್ತಿತು,
ಎಲ್ಲೋ ಇನ್ನೊಂದು ಕಡಲಿನ ದಡದಲ್ಲಿ
ಯಾರದೋ ಸಾರಿಗೆ ಬಿತ್ತು.
ಆ ಊರಿಗೂ ಒಂದು ಮುರುಕು ಕೋಟೆ ಇರಬಹುದು,
ಇಂಥದೇ ಫಾರಂ ಬಂದಿರಬಹುದು.
ಅವರಿಗೇನು, ತೋರಿಸಲು ಸಮುದ್ರವಿದೆ.

ಲೂಸಿಬಾಯಿ ಹೋಟೆಲಿನ ಬನ್ಸ್ ಮಾತ್ರ ಬರೆಯಬೇಡಿ.
ಹತ್ತು ಗಂಟೆಗೇ ಮುಗಿಯುತ್ತದೆ, ನಮಗೇ ಸಾಲದು.

ಇನ್ನೊಂದಿದೆ. ಬರೆಯುವಂಥದ್ದೋ ಅಲ್ಲವೋ ನೋಡಿ.
ಶಿವರಾತ್ರಿ ಕಳೆದ ವಾರ ಕೆಳಪೇಟೆಯಲ್ಲಿ ಪೈಪು ಒಡೆಯಿತು.
ಅಗೆದೆ. ಎದೆಮಟ್ಟ ಇಳಿದಾಗ
ಹಾರೆ ಟಣ್ ಎನ್ನಲಿಲ್ಲ, ಡಬ್ ಎಂದಿತು.
ಮಣ್ಣಿನ ಕೊಳವೆ.
ಒಂದರ ಬಾಯಿಗೆ ಇನ್ನೊಂದರ ಬಾಲ, ಸಂದಿಗೆ ಗಾರೆ,
ನಮ್ಮ ಪೈಪಿನ ಮಗ್ಗುಲಲ್ಲೇ, ಅದೇ ಕೆರೆಯ ಕಡೆಯಿಂದ,
ಅದೇ ಇಳಿಜಾರಿಗೆ.
ಇಂಜಿನಿಯರು ಮುಕ್ಕಾಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ
ಮೂರು ದಿನ ಹುಡುಕಿದ ಇಳಿಜಾರು.

ಒಳಗೆ ಕೈ ಹಾಕಿದೆ. ನೀರಿಲ್ಲ, ತಣ್ಣನೆ ಗೋಡು ಮಣ್ಣು.
ಒಂದು ಕೀಲಿನ ಹತ್ತಿರ ಮಾತ್ರ
ಏನನ್ನೋ ಅರಗಿನಲ್ಲಿ ಅದ್ದಿ ಸುತ್ತಿದ್ದರು,
ಅವಸರದಲ್ಲಿ, ಅಡ್ಡಾದಿಡ್ಡಿ,
ನಾನು ಸೈಕಲ್ ಟ್ಯೂಬು ಸುತ್ತುತ್ತೇನಲ್ಲ, ಥೇಟು ಹಾಗೆ:
ಸದ್ಯಕ್ಕೆ ನಿಲ್ಲಲಿ, ನಾಳೆ ಬಂದು ಸರಿಯಾಗಿ ಮಾಡೋಣ ಎಂದು.

ಆ ನಾಳೆಗೇ ಸೈನ್ಯ ಬಂತೋ ಏನೋ.

ಅರಮನೆ ಸುಟ್ಟಿತು, ನಾಣ್ಯ ಬದಲಾಯಿತು,
ಸದ್ಯಕ್ಕೆ ಎಂದು ಸುತ್ತಿದ್ದು ಸಡಿಲಾಗಿರಲಿಲ್ಲ.
ಅವನಿಗೂ ಸಂಬಳ ಮೂರು ತಿಂಗಳು ಬಾಕಿ ಇತ್ತೋ?
ಅವನನ್ನೂ ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದರೋ?
ನಾನು ಹೊಂಡದಲ್ಲೇ ಕೂತು ಒಂದು ಬೀಡಿ ಸೇದಿದೆ.
ಮೇಲಿದ್ದವರು, ಸಿಕ್ಕಿತಾ ಬೂದ್ಯಪ್ಪ ಎಂದರು.
ಸಿಕ್ಕಿತು ಎಂದೆ. ಮಣ್ಣು ಮುಚ್ಚಿದೆ.

ಮೂರು ಗೆರೆಯಲ್ಲಿ ಹಿಡಿಸುವುದಿಲ್ಲ ಇದು.
ಕೋಟೆ, ಕೊಳ, ದೇವಸ್ಥಾನ ಎಂದು ಹಾಕಿ ಸೀಲು ಒತ್ತಿ.
ಯಾರಾದರೂ ಬಂದು, ನೋಡಲು ಮತ್ತೇನಿದೆ ಎಂದರೆ
ಕೆಳಪೇಟೆಗೆ ಕಳಿಸಿ. ಅಲ್ಲಿ ಕಾಣುವಂಥದ್ದು ಏನೂ ಇಲ್ಲ.
ಸ್ವಲ್ಪ ಹೊತ್ತು ರಸ್ತೆಯ ಮೇಲೆ ನಿಲ್ಲಲಿ, ಸಾಕು.

ಏಳುತ್ತೇನೆ ಮೇಡಂ, ಕೋಟೆಕೇರಿಗೆ ನೀರು ಬಿಡುವ ಹೊತ್ತು.
ಐದು ನಿಮಿಷ ತಡವಾದರೆ ದ್ಯಾವಮ್ಮ
ಇತಿಹಾಸ ಕೇಳುವವಳಲ್ಲ.